ಕ್ಲಿಕ್ ಚಿಕ್ಕಪ್ಪನ ಸಣ್ಣ ಕ್ಯಾಮೆರಾ

ಕ್ಯಾಮೆರಾ ರಿಪೇರಿಯವನ ಹತ್ತಿರ ಸ್ವಂತ ಕ್ಯಾಮೆರಾ ಇಲ್ಲವೆಂದರೆ ಜನ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಮ್ಮ ಈ ರಿಪೇರಿಯವನ ಹತ್ತಿರ ಹದಿನೆಂಟು ವರ್ಷ ಇರಲಿಲ್ಲ. ಎರಡು ಅಂಗಡಿಗಳ ನಡುವೆ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅವನ ಕೆಲಸ. ಎದ್ದು ನಿಂತರೆ ತಲೆಗೆ ಮೆಟ್ಟಿಲು ತಾಗುತ್ತಿತ್ತು, ಹಾಗಾಗಿ ಅವನು ಏಳುತ್ತಲೇ ಇರಲಿಲ್ಲ. ಹಣೆಗೆ ಕಟ್ಟಿದ ಭೂತಗನ್ನಡಿ, ಮೊಟ್ಟೆಯ ರಟ್ಟಿನ ಗುಳಿಗಳಲ್ಲಿ ವಿಂಗಡಿಸಿಟ್ಟ ಸಾಸಿವೆ ಗಾತ್ರದ ಸ್ಕ್ರೂಗಳು, ಧೂಳು ಊದಲು ಒಂದು ರಬ್ಬರ್ ಬುರುಡೆ. ರಜೆ ಮುಗಿದ ವಾರ ಕೈತುಂಬ ಕೆಲಸ. ಲೆನ್ಸಿನ ಬಳೆ ತಿರುಗಿಸಿ ಕಿವಿಗೆ ಹಿಡಿದು, ಕರಕರ ಸದ್ದಿನ ಮೇಲೆ, ಇದು ಮರಳು, ಇದು ಬಿಸ್ಕತ್ತಿನ ಪುಡಿ ಎಂದು ಹೇಳಿಬಿಡುತ್ತಿದ್ದ. ಊರವರು ಸುತ್ತಿ ಬಂದ ಜಾಗಗಳೆಲ್ಲ ಅವನ ಮೇಜಿನ ಮೇಲೆ ಪುಡಿಪುಡಿಯಾಗಿ ಉದುರುತ್ತಿದ್ದವು. ಅವನು ಅದನ್ನು ಒರೆಸಿ ಬುಟ್ಟಿಗೆ ಹಾಕುತ್ತಿದ್ದ.

ನೆಂಟರ ಪಾಲಿಗೆ ಅವನು ಕ್ಲಿಕ್ ಚಿಕ್ಕಪ್ಪ. ಹೆಂಡತಿಯ ಅಕ್ಕನ ಮಕ್ಕಳು ಇಟ್ಟ ಹೆಸರು, ಈಗ ದೊಡ್ಡವರ ಬಾಯಲ್ಲೂ ಅದೇ. ಯಾರ ಮನೆಯಲ್ಲಿ ನಾಲ್ಕು ಜನ ಸೇರಿದರೂ ಯಾರದೋ ಕ್ಯಾಮೆರಾ ಅವನ ಕೊರಳಿಗೆ ಬಂದು ಬೀಳುತ್ತಿತ್ತು. "ನಿನ್ ಕೈಗುಣನೇ ಬೇರೆ ಬಿಡು" ಎನ್ನುವರು. ಈ ಹೊಗಳಿಕೆ ಬಹಳ ಕೆಟ್ಟದ್ದು ಸ್ವಾಮಿ. ಬೈದವರಿಗೆ ತಿರುಗಿ ಬೈಯಬಹುದು, ಹೊಗಳಿದವರಿಗೆ ಏನು ಮಾಡುತ್ತೀರಿ? ಅವನೋ, "ಇಲ್ಲ" ಎನ್ನಲು ಬಾರದ ಆಸಾಮಿ. ಆ ಮಾತು ಗಂಟಲವರೆಗೆ ಬಂದು, ಅಲ್ಲಿಂದ "ಆಯ್ತು ಬಿಡಿ" ಆಗಿ ಹೊರಬೀಳುತ್ತಿತ್ತು.

ಅವನ ಮನೆಯ ಹಜಾರದಲ್ಲಿ ಒಂದು ಫೋಟೋ ಇದೆ. ಮಗಳಿಗೆ ಏಳು ವರ್ಷವಿದ್ದಾಗ ಒಂದು ಚಿಕ್ಕ ಪಾರ್ಕಿಗೆ ಹೋಗಿದ್ದರು. ಅಲ್ಲಿ ಹಾವಿನಂತೆ ಸುತ್ತುವ ಮಕ್ಕಳ ರೈಲು. ಅದರ ಮುಂದಿನ ಸೀಟಿನಲ್ಲಿ ಮಗಳು, ಕೂದಲು ಹಾರುತ್ತಿದೆ, ಬಾಯಿ ಇಷ್ಟಗಲ ತೆರೆದಿದೆ. ನೋಡಿದವರೆಲ್ಲ "ಅಬ್ಬಬ್ಬಾ, ಏನ್ ನಗು!" ಎನ್ನುತ್ತಾರೆ. ಅದು ನಗುವಲ್ಲ. ಒಬ್ಬಳೇ ಕೂತ ಮಗು ಇಳಿಜಾರು ಕಂಡು, ಜೀವ ಬಾಯಿಗೆ ಬಂದು, "ಅಪ್ಪಾ" ಎಂದು ಕೂಗಿದ ಗಳಿಗೆ ಅದು. ಅಪ್ಪ ಬೇಲಿಯ ಈಚೆ ನಿಂತಿದ್ದ. ಕೂಗು ಕೇಳಿಸಿತು, ಆದರೂ ಬೆರಳು ಗುಂಡಿ ಒತ್ತಿತು. ಹೆಂಡತಿಯ ಅಕ್ಕನ ಗಂಡ, ಅವನ ಷಡ್ಡಕ, ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ತಾನೇ ಬಂದು ಗೋಡೆಗೆ ಮೊಳೆ ಹೊಡೆದ. ಅವನದು ನಿಜವಾದ ಪ್ರೀತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದಿನಿಂದ ದಿನವೂ ಊಟಕ್ಕೆ ಕೂತಾಗ ಮಗಳು ಗೋಡೆಯಿಂದ ಅಪ್ಪನನ್ನು ಕೂಗುತ್ತಲೇ ಇದ್ದಳು. ಅವನು ಗೋಡೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡ.

ಈಗ ಮಗಳಿಗೆ ಹತ್ತು. ಈ ರಜೆಗೆ ದೊಡ್ಡ ಪಾರ್ಕು ಎಂದು ತೀರ್ಮಾನವಾಗಿತ್ತು. ಷಡ್ಡಕನ ಸಂಸಾರ ನಾಲ್ಕು, ಇವರು ಮೂರು, ಜೊತೆಗೆ ಅತ್ತೆ. ಒಂದು ವ್ಯಾನು. ಅಲ್ಲಿನ ದೊಡ್ಡ ರೋಲರ್ ಕೋಸ್ಟರ್ ಹತ್ತಲು ಇಂತಿಷ್ಟು ಎತ್ತರ ಇರಲೇಬೇಕು. ಅಡಿಗೆಮನೆಯ ಬಾಗಿಲಿಗೆ ಮಗಳನ್ನು ಆನಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಗೀಟೆಳೆದ. ಒಂದು ಬೆರಳಿನಷ್ಟು ಹೆಚ್ಚೇ ಇದ್ದಳು.

"ಅಪ್ಪ, ನಾನು ಹತ್ತೇ ಹತ್ತೀನಿ. ಆದ್ರೆ ನೀನು ಪಕ್ಕದಲ್ಲಿ ಕೂತ್ಕೋಬೇಕು."

"ಕೂತ್ಕೋತೀನಿ."

"ಕೆಳಗೆ ನಿಂತ್ಕೊಂಡು ಕ್ಲಿಕ್ ಕ್ಲಿಕ್ ಅಂತ ಅಲ್ಲ."

"ಅಲ್ಲ ಪುಟ್ಟಿ. ಪಕ್ಕದಲ್ಲೇ. ನಿನ್ ಕೈ ಹಿಡ್ಕೊಂಡೇ."

ಅವಳು ಬಾಗಿಲ ಗೀಟನ್ನೂ ಅವನ ಮುಖವನ್ನೂ ನೋಡಿದಳು. ನಗಲಿಲ್ಲ. ಮೂರು ವರ್ಷದ ಹಿಂದಿನದನ್ನು ಅವಳೂ ಮರೆತಿರಲಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು.

ಆಮೇಲೆ ಶುರುವಾಯಿತು ನೋಡಿ, ಯಾವ ಕ್ಯಾಮೆರಾ ಒಯ್ಯುವುದು ಎಂಬ ವಿಚಾರ. ಒಯ್ಯದೆ ಇದ್ದರೆ ನೆಂಟರು ಬಿಡುವುದಿಲ್ಲ. ದೊಡ್ಡದು ಒಯ್ದರೆ ಪಾರ್ಕಿನವರು ಆಟಕ್ಕೆ ಹತ್ತಿಸುವುದಿಲ್ಲ, ಅದನ್ನು ಹಿಡಿದವನು ಕೆಳಗೇ ಉಳಿಯಬೇಕು. ಜೇಬಿನಲ್ಲಿ ಜಿಪ್ಪು ಹಾಕಿ ಕೂರಿಸುವಂಥದ್ದು ಬೇಕು, ನೀರು ಬಿದ್ದರೆ ಜಗ್ಗಬಾರದು, ಮಣಿಕಟ್ಟಿಗೆ ದಾರ ಇರಬೇಕು. ಜನ ವಾಪಸು ಕೇಳದೆ ಅಂಗಡಿಯಲ್ಲೇ ಬಿಟ್ಟುಹೋದ ಮೂರು ಸತ್ತ ಕ್ಯಾಮೆರಾಗಳನ್ನು ಬಿಚ್ಚಿ, ಅವನು ಜೀವವಿರುವ ಒಂದನ್ನು ಕಟ್ಟಿದ. ಸಾಬೂನಿನ ಡಬ್ಬಿಯಷ್ಟು ದಪ್ಪ, ಒಂದು ಮೈ ನೀಲಿ, ಒಂದು ಮೈ ಕಪ್ಪು. ಶಾಲೆ ಬಿಟ್ಟ ಮೇಲೆ ಮಗಳು ಗೂಡಿಗೇ ಬರುತ್ತಿದ್ದಳು. ರಿಪೇರಿಗೆ ಬಂದ ಲೆನ್ಸುಗಳ ಬುಡದಲ್ಲಿ, ಕ್ಯಾಮೆರಾಕ್ಕೆ ಸಂಪರ್ಕ ಕೊಡುವ ಚಿನ್ನದ ಬಣ್ಣದ ಚುಕ್ಕೆಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹೊಳೆಯಿಸುವುದು ಅವಳ ಪಾಲಿನ ಕೆಲಸ. ಆ ಚುಕ್ಕೆಗಳ ಮೇಲೆ ಪಾರದರ್ಶಕ ಟೇಪು ಅಂಟಿಸಿದರೆ ಎಂಥ ಒಳ್ಳೆಯ ಕ್ಯಾಮೆರಾವೂ "ಲೆನ್ಸ್ ದೋಷ" ಎಂದು ತೋರಿಸಿ ಸುಮ್ಮನಾಗುತ್ತದೆ. ದೋಷ ಯಾವ ಕಡೆ ಇದೆ ಎಂದು ಪರೀಕ್ಷೆ ಮಾಡಲು ಅವನು ಹಾಗೆ ಮಾಡುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಅಪ್ಪ ಮಗಳು ಇಬ್ಬರೂ ಸೇರಿ ಸಣ್ಣ ಕ್ಯಾಮೆರಾವನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದರು, ದಾರ ಹಿಡಿದು ಗಿರಗಿರ ತಿರುಗಿಸಿದರು. ಅದು ಜಪ್ಪಯ್ಯ ಎನ್ನಲಿಲ್ಲ. ಹದಿನೆಂಟು ವರ್ಷದಲ್ಲಿ ಅವನು ಅಷ್ಟು ಖುಷಿಯಾಗಿದ್ದುದು ಆ ಒಂದು ವಾರ ಮಾತ್ರ.

ಹೊರಡುವ ಹಿಂದಿನ ಮಧ್ಯಾಹ್ನ ಷಡ್ಡಕ ಗೂಡಿನ ಬಾಗಿಲಿಗೆ ಬಂದ. ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಪ್ರಚಾರ ವಿಭಾಗದ ಮುಖ್ಯಸ್ಥ. ಹೆಗಲಲ್ಲಿ ಕಪ್ಪು ಚೀಲ.

"ತಗೋ. ನಮ್ ಆಫೀಸಿಂದು. ಮೊಳದುದ್ದ ಲೆನ್ಸು! ಆ ರೋಲರ್ ಕೋಸ್ಟರ್ ತುದೀಲಿ ಮಕ್ಕಳ ಹಲ್ಲು ಎಣಿಸ್ಬಹುದು. ನಿನಗೋಸ್ಕರ ಸಹಿ ಹಾಕಿ ತಂದೆ ಕಣೋ."

"ಅಣ್ಣ, ನಾನು ಈ ಸಲ..." ಎಂದು ರಿಪೇರಿಯವನು ಸಣ್ಣ ಕ್ಯಾಮೆರಾ ತೋರಿಸಿದ.

ಷಡ್ಡಕ ಅದನ್ನು ಅಂಗೈಯಲ್ಲಿ ತೂಗಿ ನೋಡಿ ಬಿದ್ದುಬಿದ್ದು ನಕ್ಕ. "ಇದು ಮಕ್ಕಳ ಆಟಕ್ಕೆ ಇರ್ಲಿ. ನೀನು ಕೆಳಗೆ ನಿಂತು ಎಲ್ಲರದ್ದೂ ಒಂದೊಂದು ತೆಗಿ. ಹಜಾರದಲ್ಲಿ ಆ ಫೋಟೋ ಪಕ್ಕ ಇನ್ನೊಂದು ಜಾಗ ಇದೆ, ನಾನು ನೋಡಿಟ್ಕೊಂಡಿದೀನಿ."

ಗಂಟಲಿಗೆ ಬಂದ ಮಾತು ಯಥಾಪ್ರಕಾರ "ಆಯ್ತು ಬಿಡಿ ಅಣ್ಣ" ಆಯಿತು. ಷಡ್ಡಕ ಹೋದ ಮೇಲೆ ಅವನು ಆ ಕಪ್ಪು ಚೀಲದ ಮುಂದೆ ಬಹಳ ಹೊತ್ತು ಕೂತ. ಎದ್ದು ಓಡಾಡೋಣವೆಂದರೆ ತಲೆಯ ಮೇಲೆ ಮೆಟ್ಟಿಲು. ಕೊನೆಗೆ ಲೆನ್ಸು ಕಳಚಿ, ಚಿನ್ನದ ಚುಕ್ಕೆಗಳ ಮೇಲೆ ಒಂದು ಚೂರು ಟೇಪು ಅಂಟಿಸಿ, ಉಗುರಿನಿಂದ ಒತ್ತಿ ಮಟ್ಟ ಮಾಡಿ, ಮತ್ತೆ ಜೋಡಿಸಿದ. ಕ್ಯಾಮೆರಾ ಪಾರ್ಕಿನಲ್ಲಿ ಕೈಕೊಡುತ್ತದೆ, ಯಾರ ತಪ್ಪೂ ಅಲ್ಲ. ಚೀಲ ಅತ್ತೆಯ ತೊಡೆಗೆ, ಅವನು ಮಗಳ ಪಕ್ಕಕ್ಕೆ. ಸಂಜೆ ಬಂದು ಟೇಪು ಕಿತ್ತರೆ ಮುಗಿಯಿತು. ಜೀವನದಲ್ಲಿ ಮೊದಲ ಸಲ "ಇಲ್ಲ" ಎಂದಿದ್ದ, ಅದೂ ಟೇಪಿನ ಬಾಯಿಂದ.

ಮಾರನೆಯ ದಿನ ಎಲ್ಲ ಅಂದುಕೊಂಡ ಹಾಗೇ ನಡೆಯಿತು. ರೋಲರ್ ಕೋಸ್ಟರಿನ ಮುಂದೆ ಎಲ್ಲರೂ ಸಾಲಾಗಿ ನಿಂತರು. ಅವನು ಕ್ಯಾಮೆರಾ ಎತ್ತಿದ, ಒತ್ತಿದ, ಮತ್ತೆ ಒತ್ತಿದ, ಕನ್ನಡಿಯ ಮುಂದೆ ಅಭ್ಯಾಸ ಮಾಡಿಟ್ಟಿದ್ದ ಪೆಚ್ಚು ಮೋರೆ ಹಾಕಿದ.

"ಅಣ್ಣ, ಇದು ಕೆಟ್ಟಿದೆ ಅನ್ಸುತ್ತೆ."

ಮಗಳು ಆಗಲೇ ಅವನ ಕೈ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಷಡ್ಡಕ ಗಹಗಹಿಸಿದ. "ಕೆಟ್ರೆ ಏನಂತೆ! ಡಾಕ್ಟ್ರು ಜೊತೆಗೇ ಇದಾರಲ್ಲ!"

ಇದೊಂದು ನಮ್ಮ ರಿಪೇರಿಯವನ ತಲೆಗೆ ಹೊಳೆದೇ ಇರಲಿಲ್ಲ. ಹದಿನೆಂಟು ವರ್ಷ ಕೆಟ್ಟಿದ್ದನ್ನೇ ನಂಬಿ ಬದುಕಿದವನು, ಕೆಟ್ಟಿದ್ದನ್ನು ಕಂಡರೆ ಜನ ತನ್ನನ್ನೇ ಹುಡುಕುತ್ತಾರೆ ಎಂಬುದನ್ನು ಮರೆತಿದ್ದ. ಐದೇ ನಿಮಿಷದಲ್ಲಿ ಕ್ಯಾಂಟೀನಿನ ಮೂಲೆಯ ಮೇಜಿನ ಮೇಲೆ ಅತ್ತಿಗೆ ಟವೆಲ್ಲು ಹಾಸಿದರು. ಅತ್ತೆ ಕೈಚೀಲದಿಂದ ಹೇರ್‌ಪಿನ್ನು, ಉಗುರು ಕತ್ತರಿ, ಕನ್ನಡಕದ ಪುಟ್ಟ ಸ್ಕ್ರೂಡ್ರೈವರು ತೆಗೆದು ಆಪರೇಷನ್ನಿಗೆ ಜೋಡಿಸಿಟ್ಟರು. "ನೀನು ಆರಾಮಾಗಿ ನೋಡು, ನಾವು ಬೇರೆ ಆಟ ಮುಗಿಸಿ ಬರ್ತೀವಿ" ಎಂದು ಷಡ್ಡಕ ದಂಡು ಕಟ್ಟಿಕೊಂಡು ಹೊರಟ. ಷಡ್ಡಕನ ಗಂಡುಮಕ್ಕಳು ಎಳೆದುಕೊಂಡು ಹೋಗುವಾಗ ಮಗಳು ತಿರುಗಿ ತಿರುಗಿ ನೋಡಿದಳು.

ಒಂದು ಗಂಟೆ ಅವನು ಒಂದೇ ಸ್ಕ್ರೂವನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡಿದ. ಪಕ್ಕದಲ್ಲಿ ಅತ್ತೆಯ ಕಾವಲು. ಟೇಪು ಕಿತ್ತರೆ ಫೋಟೋ ತೆಗೆಯಬೇಕು, ಕೀಳದಿದ್ದರೆ ರಿಪೇರಿ ಮಾಡುತ್ತಲೇ ಇರಬೇಕು. ಆಗಾಗ ತಲೆಯ ಮೇಲಿಂದ ಕೋಸ್ಟರು ಗಡಗಡ ಹಾದು ಹೋಗುತ್ತಿತ್ತು, ಯಾರ ಯಾರದೋ ಮಕ್ಕಳು ಕಿರುಚುತ್ತಿದ್ದರು. ಅಂಗಡಿಯ ಗೂಡೇ ವ್ಯಾನು ಹತ್ತಿ ತನ್ನ ಹಿಂದೆ ಬಂದಂತೆ ಅವನಿಗೆ ಅನ್ನಿಸಿತು.

ಎಲ್ಲರೂ ತಿರುಗಿ ಬಂದಾಗ ಅವನು ಧೈರ್ಯ ಮಾಡಿದ. "ಅಣ್ಣ, ಇಲ್ಲಿ ಆಗಲ್ಲ. ಅಂಗಡೀಲೇ ಬಿಚ್ಚಬೇಕು. ಬಿಟ್ಬಿಡೋಣ ಇವತ್ತಿಗೆ."

ಷಡ್ಡಕನ ನಗು ಇಳಿದುಹೋಯಿತು. ಕುರ್ಚಿ ಎಳೆದುಕೊಂಡು ಕೂತ. "ಸಹಿ ಹಾಕಿ ತಂದಿದೀನಿ ಕಣೋ. ಸೋಮವಾರ ಇದ್ರಲ್ಲೇ ಶೂಟಿಂಗ್ ಇದೆ. ಮೇಲಿನವರಿಗೆ ಏನ್ ಹೇಳ್ಲಿ?" ಷಡ್ಡಕನ ದೊಡ್ಡ ಮಗ, "ಕ್ಲಿಕ್ ಚಿಕ್ಕಪ್ಪಂಗೆ ರಿಪೇರಿನೇ ಬರಲ್ಲ ಅನ್ಸುತ್ತೆ" ಎಂದ. ಯಾರೋ ಕಿಸಕ್ಕೆಂದರು. ಹೆಂಡತಿ ತಲೆ ತಗ್ಗಿಸಿದಳು. ಈಗಲಾದರೂ ಇದ್ದದ್ದು ಇದ್ದ ಹಾಗೆ ಹೇಳಿಬಿಡಬಹುದಿತ್ತು. ಅವನು ಅದೇ ಸ್ಕ್ರೂವನ್ನು ಮತ್ತೆ ಬಿಚ್ಚತೊಡಗಿದ.

ಮಗಳು ಮುಂದೆ ಬಂದು ಟವೆಲ್ಲಿನ ಮೇಲಿದ್ದ ಲೆನ್ಸು ಎತ್ತಿಕೊಂಡಳು. ಗೂಡಿನಲ್ಲಿ ಮಾಡುತ್ತಿದ್ದಂತೆ ಬುಡವನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಚುಕ್ಕೆಗಳ ಮೇಲೆ ಟೇಪಿನ ಹೊಳಪು ಕಂಡಿತು. ಅವಳು ಅಪ್ಪನನ್ನು ನೋಡಿದಳು. ಅದನ್ನು ಯಾರು ಅಂಟಿಸಿದ್ದು, ಯಾಕೆ ಅಂಟಿಸಿದ್ದು, ಎಲ್ಲ ಅವಳಿಗೆ ಆ ಒಂದು ನೋಟದಲ್ಲೇ ತಿಳಿಯಿತು. ಹೇಳಬೇಡ ಎಂದು ಬೇಡಿಕೊಳ್ಳಲೋ, ಹೇಳಿಬಿಡು ಎಂದು ಬೇಡಿಕೊಳ್ಳಲೋ ಅವನಿಗೇ ಗೊತ್ತಾಗಲಿಲ್ಲ.

ಅವಳು ಎಲ್ಲರಿಗೂ ಬೆನ್ನು ಮಾಡಿ, ಉಗುರಿನ ತುದಿಯಿಂದ ಟೇಪು ಕಿತ್ತು, ಬೆರಳ ನಡುವೆ ಉಂಡೆ ಮಾಡಿದಳು. ಫ್ರಾಕಿನ ಅಂಚಿನಿಂದ ಚುಕ್ಕೆಗಳನ್ನು ಒರೆಸಿ, ಲೆನ್ಸನ್ನು ಟಕ್ಕೆಂದು ಕೂರಿಸಿ, ಗುಂಡಿ ಒತ್ತಿದಳು. ಕ್ಯಾಮೆರಾ ಎಚ್ಚೆತ್ತಿತು.

"ಅಪ್ಪ ಆಗ್ಲೇ ಸರಿ ಮಾಡಿದಾರೆ ದೊಡ್ಡಪ್ಪ. ಒರೆಸೋದೊಂದು ಬಾಕಿ ಇತ್ತು, ಅಷ್ಟೆ."

"ಅದಕ್ಕೇ ಹೇಳಿದ್ದು, ಇವನ ಕೈಗುಣನೇ ಬೇರೆ!" ಷಡ್ಡಕ ಎದ್ದು ಅವನನ್ನು ತಬ್ಬಿಕೊಂಡೇಬಿಟ್ಟ. ಕ್ಯಾಮೆರಾದ ಪಟ್ಟಿ ಮತ್ತೆ ಕೊರಳಿಗೆ ಬಿತ್ತು. ಎಲ್ಲರೂ ಕ್ಯೂ ಕಡೆ ನಡೆದರು. ಅವನು ಜೇಬಿನ ಜಿಪ್ಪು ತೆಗೆದು ಸಣ್ಣ ಕ್ಯಾಮೆರಾದ ದಾರವನ್ನು ಮಗಳ ಮಣಿಕಟ್ಟಿಗೆ ಕಟ್ಟಲು ಹೋದ.

"ಇದಾದ್ರೂ ಕಟ್ಕೋ ಪುಟ್ಟಿ."

"ಬೇಡಪ್ಪ" ಎಂದಳು ಅವಳು. "ಎರಡೂ ಕೈಯಲ್ಲಿ ಕಂಬಿ ಹಿಡ್ಕೋಬೇಕು."

ಇಬ್ಬಿಬ್ಬರ ಸೀಟು. ದೊಡ್ಡಪ್ಪ ದೊಡ್ಡಮ್ಮ ಒಂದರಲ್ಲಿ, ಅಣ್ಣಂದಿರಿಬ್ಬರು ಒಂದರಲ್ಲಿ. ಅಮ್ಮನಿಗೆ ಎತ್ತರ ಆಗಿಬರುವುದಿಲ್ಲ, ಅಜ್ಜಿಯ ಜೊತೆ ಕೆಳಗೆ. ಮಗಳ ಪಕ್ಕಕ್ಕೆ ಟೊಪ್ಪಿಗೆಯ ಅಪರಿಚಿತ ಹೆಂಗಸೊಬ್ಬಳು ಬಂದು ಕೂತಳು. ಕೋಸ್ಟರು ತುದಿಗೆ ಏರಿ, ಒಂದು ಗಳಿಗೆ ನಿಂತು, ಧುಮುಕಿತು. ಮೊಳದುದ್ದದ ಲೆನ್ಸಿನಲ್ಲಿ ಮಗಳು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದಳು. ಕಂಬಿ ಹಿಡಿದ ಬೆರಳುಗಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅವಳು ನೇರ ಅವನನ್ನೇ ನೋಡಿ, ಬಾಯಿ ಅಗಲಿಸಿ, ಹಲ್ಲು ಕಾಣುವಂತೆ ನಕ್ಕಳು. ಶಾಲೆಯ ಗುಂಪು ಫೋಟೋಕ್ಕೆ ನಗುವ ನಗು. ಅವನು ಆ ಹಳೆಯ ಕೂಗಿಗೆ ಕಿವಿಗೊಟ್ಟು ಕಾದ. ಆಮೇಲೆ ಒತ್ತಿದ.

ಆ ಫೋಟೋ ಈಗ ಹಜಾರದಲ್ಲಿ ಮೊದಲನೆಯದರ ಪಕ್ಕದಲ್ಲೇ ಇದೆ. ಮೊಳೆ ಹೊಡೆದದ್ದು ಷಡ್ಡಕನೇ. ಬಂದವರೆಲ್ಲ ಎರಡನ್ನೂ ನೋಡಿ, "ಅದೇ ನಗು ನೋಡಿ, ಒಂಚೂರೂ ಬದಲಾಗಿಲ್ಲ" ಎನ್ನುತ್ತಾರೆ. ರಿಪೇರಿಯವನು ಹೂಂಗುಟ್ಟುತ್ತಾನೆ. ಈಗ ಅವನು ಊಟಕ್ಕೆ ಗೋಡೆಯ ಕಡೆ ಮುಖ ಮಾಡಿಯೇ ಕೂರುತ್ತಾನೆ. ಮೊದಲನೆಯ ಫೋಟೋದಲ್ಲಿ ಮಗಳು ಅವನನ್ನು ಇನ್ನೂ ಕೂಗುತ್ತಿದ್ದಾಳೆ. ಎರಡನೆಯದರಲ್ಲಿ ಕೂಗುತ್ತಿಲ್ಲ.