ಎಂಟು ಪುಟದ ಉತ್ತರ

ಬಾಗಲಗುಂಟೆಯ ನಮ್ಮ ಮನೆ ಮಾಲೀಕರು ಜಲ್ಲಿ ವ್ಯಾಪಾರಕ್ಕೆಂದು ಸಾಲದಲ್ಲಿ ಲಾರಿ ತೆಗೆದರು. ಸಾಲಕ್ಕೆ ಜಾಮೀನು ಬೇಕಿತ್ತು.

"ಮೇಷ್ಟ್ರೇ, ಗೌರ್ಮೆಂಟ್ ಸಂಬ್ಳ ನಿಮ್ದು. ಇಲ್ಲೊಂದ್ ಸೈನ್ ಆಕ್ಬಿಡಿ, ಅಷ್ಟೇಯ."

ಹತ್ತು ವರ್ಷದಿಂದ ಬಾಡಿಗೆ ಏರಿಸದ ಮನುಷ್ಯನಿಗೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದೆ.

ಅವರು ಕಂತು ಕಟ್ಟಲಿಲ್ಲ. ನನ್ನ ಮೇಲೂ ದಾವೆ ಬಿತ್ತು, ಅದೂ ಚೆನ್ನೈಯ ಕೋರ್ಟಿನಲ್ಲಿ. ಸಾಲ ಕೊಟ್ಟ ಕಂಪನಿಯ ಹೆಡ್ಡಾಫೀಸು ಅಲ್ಲಿದೆಯಂತೆ. ನಾನು ಸಹಿ ಹಾಕಿದ್ದು ಯಶವಂತಪುರದ ಶಾಖೆಯಲ್ಲಿ. ಲಾರಿ ಓಡಾಡಿದ್ದು ಹೆಸರಘಟ್ಟ ರಸ್ತೆಯಲ್ಲಿ. ಮಾಲೀಕರಂತೂ ನನ್ನ ಫೋನ್ ಎತ್ತುವುದನ್ನೇ ಬಿಟ್ಟರು.

ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟರು. ಪ್ರಶ್ನೆ ಕಂಡರೆ ಉತ್ತರ ಬರೆಯದೆ ಕೈ ಸುಮ್ಮನಿರುವುದಿಲ್ಲ. ವಕೀಲರಿಗೆ ಯಾಕೆ ದಂಡ ಎಂಬ ಜಾಣತನ ಬೇರೆ. ಅವರ ದಾವೆಯ ಒಂದೊಂದು ಪ್ಯಾರಾಕ್ಕೂ ಸಂಖ್ಯೆ ಹಾಕಿ, ಎಂಟು ಪುಟ ಉತ್ತರ ಬರೆದು, ರಜೆ ಹಾಕಿ ಚೆನ್ನೈಗೆ ಹೋಗಿ ಕೊಟ್ಟು ಬಂದೆ. ಆಮೇಲೆ ವಾಯಿದೆ ಮೇಲೆ ವಾಯಿದೆ. ನನ್ನ ರಜೆಯೆಲ್ಲ ರೈಲಿನಲ್ಲೇ ಮುಗಿಯಿತು. ಹೋಗದಿದ್ದರೆ ನನ್ನ ಗೈರುಹಾಜರಿಯಲ್ಲೇ ತೀರ್ಪಾಗಿ ಸಂಬಳ ಜಪ್ತಿಯಾಗುತ್ತಿತ್ತು. ಕೇಸು ಬೆಂಗಳೂರಿಗೆ ಬಂದರೆ ಸಾಕು ಎಂದು ಯಲಹಂಕದ ವಕೀಲರೊಬ್ಬರ ಬಳಿ ಹೋದೆ.

ಅವರು ಎಂಟೂ ಪುಟ ಓದಿ ತಲೆ ಹಿಡಿದುಕೊಂಡರು. "ಸರ್, ನಿಮ್ಮ ಜಾಮೀನು ಪತ್ರದಲ್ಲಿ ಬೆಂಗಳೂರು ಕೋರ್ಟ್ ಅಂತ್ಲೇ ಇದೆ. ಈ ಕೇಸ್ ಕೇಳೋ ಅಧಿಕಾರ ಚೆನ್ನೈ ಕೋರ್ಟಿಗಿಲ್ಲ ಅಂತ ಮೊದಲ್ನೇ ಸಾಲಲ್ಲೇ ಬರೀಬೇಕಿತ್ತು. ಎಲ್ಲಾ ಬರ್ದಿದ್ದೀರ, ಅದೊಂದು ಬಿಟ್ಟು!"

"ಜಡ್ಜಿಗೇ ಅಧಿಕಾರ ಇಲ್ಲ ಅಂತ ನಾನ್ ಹೆಂಗ್ರೀ ಬರೀಲಿ? ಅಧಿಕಪ್ರಸಂಗ ಆಗಲ್ವಾ?"

"ಬರೀಲಿಲ್ಲ ಅಂದ್ರೆ ಒಪ್ಕೊಂಡಂಗೆ ಕಣ್ರೀ."

ಆದರೂ ಕೇಸನ್ನು ಬೆಂಗಳೂರಿಗೆ ಕಳಿಸಿ ಎಂದು ಚೆನ್ನೈ ಕೋರ್ಟಿನಲ್ಲಿ ಅರ್ಜಿ ಹಾಕಿಸಿದರು. ವಿಚಾರಣೆಯ ದಿನ ನ್ಯಾಯಾಧೀಶರು ನನ್ನ ಉತ್ತರವನ್ನು ನಿಧಾನವಾಗಿ ತಿರುವಿ ಹಾಕಿ, ಕನ್ನಡಕದ ಮೇಲಿಂದ ನೋಡಿ, ಇಂಗ್ಲಿಷಿನಲ್ಲಿ ಕೇಳಿದರು: "ಇಷ್ಟು ಚೆನ್ನಾಗಿ ಉತ್ತರ ಕೊಟ್ಟಿದ್ದೀರಿ. ಇಲ್ಲಿ ಕೇಸು ನಡೆದರೆ ನಿಮಗೇನು ತೊಂದರೆ?" ಅರ್ಜಿ ವಜಾ ಆಯಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೆಯೇ ಮೈ ಉರಿಯಿತು. ಬೈಯೋಣವೆಂದರೂ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಮರುದಿನ ಶಾಲೆಯಲ್ಲಿ ಮುಂದಿನ ವಾಯಿದೆಗೆಂದು ಸಂಬಳವಿಲ್ಲದ ರಜೆಯ ಅರ್ಜಿ ತುಂಬಿದೆ. ಕಾರಣ ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ ಎರಡೇ ಪದ ಬರೆದೆ: ಸ್ವಂತ ಕೆಲಸ.