ಪೋರನಿಗೆ ದನಿ ಒಡೆಯುವ ಅಧ್ಯಾಯ

ಧ್ವನಿಮುದ್ರಣದ ಆ ಕಟ್ಟಡದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬಾಗಿಲಿನ ಕಾವಲುಗಾರನಿಂದ ಹಿಡಿದು ಮೇಲಂತಸ್ತಿನ ಸಾಹೇಬರವರೆಗೆ ಎಲ್ಲರಿಗೂ ಆಕೆ ‘ಪೋರ’. ಐವತ್ತರ ಹೊಸ್ತಿಲಲ್ಲಿದ್ದ, ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಮೆಟ್ಟಿಲು ಹತ್ತುತ್ತಿದ್ದ ಹೆಂಗಸನ್ನು ಕಂಡೊಡನೆ “ಪೋರ ಬಂದ, ಮೈಕು ಇಳಿಸ್ರಪ್ಪಾ” ಎಂದು ಯಾರಾದರೊಬ್ಬರು ಕೂಗುವುದು, ಆಕೆ ಹುಡುಗನ ದನಿಯಲ್ಲಿ “ಬಂದೇ ಬಿಟ್ಟೆ!” ಎನ್ನುವುದು ಅಲ್ಲಿ ನಡೆದುಕೊಂಡು ಬಂದಿತ್ತು.

ಪೋರನೆಂದರೆ ಒಂದು ಸಾಹಸದ ವಿಡಿಯೋ ಗೇಮಿನ ನಾಯಕ. ಹನ್ನೆರಡರ ಹುಡುಗ, ಹೆಗಲಿಗೆ ಹಗ್ಗದ ಸುರುಳಿ, ಕಾಲಿಗೆ ಅಳತೆ ಮೀರಿದ ಬೂಟು. ಮೊದಲ ಆಟದಲ್ಲಿ ಅವನು ಮುಳುಗಿದ ಊರೊಂದರ ಗಂಟೆಯನ್ನು ಹುಡುಕಿ ತಂದ. ಮುಂದಿನದರಲ್ಲಿ ಮರಳಿನಡಿಯ ಕೋಟೆಯನ್ನು ಹೊಕ್ಕ. ಆಟಗಳು ಒಂದರ ಬೆನ್ನಿಗೊಂದು ಬಂದವು, ಚಿತ್ರಗಳು ನುಣುಪಾದವು, ಆಡುತ್ತಿದ್ದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳ ಕೈಗೆ ಆಟವನ್ನು ಕೊಟ್ಟರು. ಅವನ ಸುತ್ತ ರಾಜರು ಬದಲಾದರು, ಕಳ್ಳರು ಒಳ್ಳೆಯವರಾದರು. ಅವನು ಮಾತ್ರ ಹನ್ನೆರಡು ದಾಟಲಿಲ್ಲ. ಅವನನ್ನು ಹಾಗೆ ನಿಲ್ಲಿಸಿಕೊಂಡಿದ್ದದ್ದು ಆಕೆಯ ಗಂಟಲು.

ಅದಕ್ಕೊಂದು ಶಿಸ್ತಿತ್ತು. ಮೈಕಿನ ಮುಂದೆ ನಿಲ್ಲುವ ಮೊದಲು ಆಕೆ ಮೊತ್ತಮೊದಲ ಆಟದ ಒಂದು ತುಣುಕನ್ನು ಕೇಳಿ, ಅದರ ಎತ್ತರಕ್ಕೆ ತನ್ನ ದನಿಯನ್ನು ಕೂರಿಸಿಕೊಳ್ಳುವಳು. ಮಾತಿನ ನಡುವೆ ದನಿ ಸೀಳಿದರೆ, ಸ್ವಲ್ಪ ಬಿರಿದರೆ, ವಯಸ್ಸು ಇಣುಕಿದರೆ ಕೂಡಲೇ ಒಂದು ಚಪ್ಪಾಳೆ ತಟ್ಟಿ ಅದೇ ಮಾತನ್ನು ಮತ್ತೆ ಹೇಳುವಳು. ಸಂಕಲನಕಾರನ ಪರದೆಯ ಮೇಲಿನ ದನಿಯ ಗೆರೆಯಲ್ಲಿ ಚಪ್ಪಾಳೆ ಮೊಳೆಯಂತೆ ಎದ್ದು ಕಾಣುತ್ತದೆ. ಮೊಳೆಯ ಹಿಂದಿನ ಮಾತು ಕೆಟ್ಟದ್ದೆಂದು ತಿಳಿದು ಆತ ಅದನ್ನು ಕತ್ತರಿಸುತ್ತಾನೆ, ಕತ್ತರಿಸಿ ಉಳಿದದ್ದನ್ನು ಮಾತ್ರ ಇಟ್ಟುಕೊಂಡು ಮೂಲವನ್ನು ಅಳಿಸಿಬಿಡುತ್ತಾನೆ. ತಾಯಿ ತೀರಿಕೊಂಡ ವಾರವೂ ಆಕೆ ಬಂದು ಪೋರನ ನಗುವನ್ನು ನಕ್ಕು ಹೋಗಿದ್ದಳು. ಅಂದು ಒಂದು ಚಪ್ಪಾಳೆಯೂ ಬೀಳಲಿಲ್ಲವೆಂದು ಎಲ್ಲರೂ ಹೊಗಳಿದ್ದರು. ಆಕೆಗೂ ಅದು ಸರಿಯೆನಿಸಿತ್ತು.

ಹೊಸ ಆಟಕ್ಕೆ ಹೊಸ ನಿರ್ದೇಶಕಿ ಬಂದಳು. ಕಥೆಯನ್ನು ಬರೆದವಳೂ ಅವಳೇ. ಚಿಕ್ಕವಳಿದ್ದಾಗ ಮೊದಲ ಆಟವನ್ನು ಆಡಿ ಬೆಳೆದವಳು. ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಆಕೆಯನ್ನು ಕೂರಿಸಿಕೊಂಡು ಸುತ್ತು ಬಳಸದೆ ಹೇಳಿದಳು.

“ಈ ಸಲ ಪೋರ ಬೆಳೀತಾನೆ ಮೇಡಂ.”

“ಬೆಳೆದು?”

“ಗಂಡಸಾಗ್ತಾನೆ. ಅಕ್ಕನ್ನ ಕಳ್ಕೊಳ್ತಾನೆ, ಅದೂ ತನ್ನ ತಪ್ಪಿಂದ. ಇಷ್ಟು ವರ್ಷ ಅವನಿಗೆ ಏನಾದ್ರೂ ಅಂಟಿದೆಯಾ ಹೇಳಿ? ಬೆಂಕೀಲಿ ಬಿದ್ದು ಎದ್ದು ಬಂದು ಅದೇ ಜೋಕ್ ಹೊಡೀತಾನೆ.”

“ಮಕ್ಕಳಿಗೆ ಅದೇ ಬೇಕಿತ್ತಲ್ಲಮ್ಮ.”

“ನನಗೂ ಬೇಕಿತ್ತು. ಮನೇಲಿ ಅಪ್ಪ ಅಮ್ಮ ದಿನಾ ಕಿತ್ತಾಡ್ತಿದ್ರು. ನಿನ್ನೆ ಹೇಗಿದ್ನೋ ಇವತ್ತೂ ಹಾಗೇ ಇರ್ತಿದ್ದೋನು ಪೋರ ಒಬ್ಬನೇ. ಈಗ ಅವನ ಹತ್ರ ಹೋದ್ರೆ ಮಾತಾಡೋಕೆ ಏನೂ ಇಲ್ಲ. ನಾನು ಎಲ್ಲೋ ಬಂದ್ಬಿಟ್ಟೆ, ಅವನು ಅಲ್ಲೇ ನಿಂತಿದಾನೆ.”

ಬೆಳೆದ ಪೋರನಿಗೆ ನಾಟಕದಿಂದ ಬಂದ ಒಬ್ಬ ನಟನನ್ನು ಆರಿಸಿಯಾಗಿತ್ತು. ನಡುವೆ ಒಂದು ಅಧ್ಯಾಯ ಉಳಿದಿತ್ತು. ಪೋರ ಹುಡುಗನಾಗಿ ಸುರಂಗವೊಂದನ್ನು ಹೊಕ್ಕು ಗಂಡಸಾಗಿ ಹೊರಬರುವ ಅಧ್ಯಾಯ ಅದು. ಕತ್ತಲಲ್ಲಿ ನಡೆಯುತ್ತ ನಡೆಯುತ್ತ ಅವನ ದನಿ ಒಡೆಯಬೇಕು.

“ಅದು ನಿಮ್ಮಿಂದ ಬಂದ್ರೆ ನಿಮ್ಮದೇ,” ಎಂದಳು ನಿರ್ದೇಶಕಿ. “ಬರದಿದ್ರೆ ಸುರಂಗದಲ್ಲಿ ಅವನಿಗೆ ಮಾತೇ ಇರಲ್ಲ.”

ಆಕೆ ಹೆಚ್ಚೇನೂ ಬಯಸಿದವಳಲ್ಲ. ಆದರೆ ಹುಡುಗನನ್ನು ಆ ಸುರಂಗ ದಾಟಿಸುವವಳು ತಾನೇ ಆಗಬೇಕು, ಅವನು ಬಾಯಿ ಮುಚ್ಚಿಕೊಂಡು ಮುಗಿದುಹೋಗಬಾರದು ಎಂಬುದೊಂದು ಆಕೆಗೆ ಬೇಕಾಗಿತ್ತು.

ಗಂಡನದು ಕನ್ನಡಕದ ಅಂಗಡಿ. ಅಂದು ಸಂಜೆ ಅವನು ಮನೆಯ ಮೇಜಿನ ಮೇಲೆ ಯಾರದೋ ಕನ್ನಡಕದ ತಿರುಪು ಬಿಗಿಯುತ್ತ ಸುದ್ದಿ ಕೇಳಿಸಿಕೊಂಡ.

“ದನಿ ಒಡೆಯುತ್ತಂತಾ? ಶಿವನೇ! ಇನ್ನು ಮೊಡವೆ, ಮೀಸೆ, ಬಾಗಿಲು ಹಾಕ್ಕೊಂಡು ಕೂರೋದು. ನನ್ನ ಹತ್ರ ಮಾತ್ರ ಕಳಿಸ್ಬೇಡ ಮಾರಾಯ್ತಿ, ಬೈಕ್ ಕೇಳ್ತಾನೆ.”

ಆಕೆ ನಕ್ಕಳು.

“ನೋಡು, ಆ ನಗೂನೂ ಅವನದೇ,” ಎಂದ ಅವನು, ತಲೆ ಎತ್ತದೆ. “ಮದುವೆ ಹೊಸತರಲ್ಲಿ ನಿಂದೂ ಅಂತ ಒಂದಿತ್ತು. ಹೇಗಿತ್ತೋ, ನನಗೂ ಮರ್ತೋಗಿದೆ ಕಣೇ.”

ಅದರಲ್ಲಿ ಕೊಂಕು ಇರಲಿಲ್ಲ. ಆಕೆ ಪಾತ್ರೆ ತೊಳೆಯುತ್ತ ನೆನಪಿಸಿಕೊಳ್ಳಲು ನೋಡಿದಳು. ಏನೂ ಸಿಗಲಿಲ್ಲ. ನೋವೂ ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಕಾಲು ಅಲ್ಲೇ ಇದೆಯೆಂದು ತಿಳಿಯುತ್ತದೆಯಲ್ಲ, ಅಷ್ಟೇ ಆಯಿತು.

ಮುದ್ರಣದ ದಿನ ನಿರ್ದೇಶಕಿ ಪರಸ್ಥಳದಲ್ಲಿದ್ದಳು. ಇಡೀ ಒಂದು ಮಧ್ಯಾಹ್ನವನ್ನು ಆಕೆಗೆ ಬಿಟ್ಟುಕೊಟ್ಟು, ಯಾರೂ ನೋಡದಿದ್ದರೆ ಒಳ್ಳೆಯದೆಂದು ಹೇಳಿ ಹೋಗಿದ್ದಳು. ಮುದ್ರಣದ ಗುಂಡಿ ಒತ್ತಿಕೊಳ್ಳುವುದೂ ನಿಲ್ಲಿಸುವುದೂ ಆಕೆಗೆ ಗೊತ್ತಿದ್ದ ಕೆಲಸವೇ. ಪೋರ ಕತ್ತಲಲ್ಲಿ ಒಂದು ಮಾತು ಹೇಳಬೇಕಿತ್ತು: “ಅಕ್ಕಾ, ಹಗ್ಗ ಬಿಟ್ಟಿದ್ದು ನಾನೇ.” ಬಹಳ ಹೊತ್ತು ಅದು ಎಂದಿನ ಪೋರನ ಬಾಯಲ್ಲೇ ಬಂತು. ಆಮೇಲೆ, ಯಾಕೆಂದು ಆಕೆಗೂ ತಿಳಿಯಲಿಲ್ಲ, ‘ಅಕ್ಕಾ’ ಎಂಬುದು ನಡುವೆ ಎರಡು ಹೋಳಾಗಿ, ಒಂದು ಹೋಳು ಮೇಲಕ್ಕೂ ಇನ್ನೊಂದು ಎದೆಯೊಳಕ್ಕೂ ಹೋಯಿತು. ಮತ್ತೆ ಹೇಳಿದಳು, ಮತ್ತೆ ಒಡೆಯಿತು. ಆ ಮಧ್ಯಾಹ್ನ ದನಿ ಹಲವು ಸಲ ಒಡೆಯಿತು. ಕೆಲಸವಾಯಿತೆಂದು ಆಕೆ ಬ್ಯಾಗು ಹೆಗಲಿಗೇರಿಸಿ ಬಸ್ಸು ಹಿಡಿದಳು.

ಮರುವಾರ ನಿರ್ದೇಶಕಿ ಹಿಂತಿರುಗಿ ಎಲ್ಲರನ್ನೂ ಕೂರಿಸಿ ಅದನ್ನು ಕೇಳಿಸಿದಳು. ಸ್ಪೀಕರಿನಿಂದ ಹನ್ನೆರಡರ ಹುಡುಗ ಸ್ವಚ್ಛವಾಗಿ, ಒಂದು ಗೀರೂ ಇಲ್ಲದೆ, ಹಗ್ಗ ಬಿಟ್ಟಿದ್ದು ತಾನೇ ಎಂದು ಹೇಳಿದ. ಮೊದಲ ಆಟದಲ್ಲಿ ಗಂಟೆ ಸಿಕ್ಕಿತೆಂದು ಹೇಳಿದಷ್ಟೇ ಉಲ್ಲಾಸವಾಗಿ ಹೇಳಿದ.

“ಮೇಡಂ, ಇವನು ಹಳೇ ಪೋರನೇ ಅಲ್ವಾ?”

“ಇಲ್ಲ, ಒಡೆದಿತ್ತು,” ಎಂದಳು ಆಕೆ. “ತುಂಬಾ ಸಲ ಒಡೆದಿತ್ತು.”

ಸಂಕಲನಕಾರ ಗಡ್ಡ ಕೆರೆದುಕೊಂಡ. ಹಳಬ ನಿವೃತ್ತನಾದ ಮೇಲೆ ಆ ಕುರ್ಚಿಗೆ ಬಂದವನು, ಕೆಲಸದಲ್ಲಿ ಅಚ್ಚುಕಟ್ಟು.

“ಚಪ್ಪಾಳೆ ಬಿದ್ದ ಕಡೆಯೆಲ್ಲ ತೆಗೆದೆ ಮೇಡಂ. ಸುಮಾರು ಇತ್ತು. ಒಡೀಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಪಾಪ, ಗಂಟಲು ಕೈಕೊಟ್ಟಿದೆ ಅಂದ್ಕೊಂಡು ಪೂರ್ತಿ ಕ್ಲೀನ್ ಮಾಡಿದೆ.”

“ನಾನು ತಟ್ಟಿದ್ನಾ?”

“ಒಡೆದಾಗೆಲ್ಲ ತಟ್ಟಿದ್ರಿ.”

ಆಕೆ ತನ್ನ ಅಂಗೈಗಳನ್ನು ನೋಡಿಕೊಂಡಳು. ತಟ್ಟಿದ ನೆನಪಿರಲಿಲ್ಲ. ಮೂಲವನ್ನು ಕೇಳಿ ಫಲವೂ ಇರಲಿಲ್ಲ. ಅದು ಅಂದೇ ಅಳಿದುಹೋಗಿತ್ತು. ಗಡ್ಡದವನು ಮುಖ ಸಪ್ಪಗೆ ಮಾಡಿಕೊಂಡು “ಸಾರಿ ಮೇಡಂ” ಎಂದ. “ನೀವು ಸರಿಯಾಗೇ ಮಾಡಿದೀರಿ,” ಎಂದಳು. ನಿಜವಾಗಿಯೂ ಅವನು ಸರಿಯಾಗೇ ಮಾಡಿದ್ದ.

ಇನ್ನೊಂದು ಅವಕಾಶ ಕೊಟ್ಟರು. ಈ ಸಲ ನಿರ್ದೇಶಕಿ ಗಾಜಿನಾಚೆ ಕುಳಿತಳು, ಆಕೆ ಎರಡೂ ಕೈಯಲ್ಲಿ ಹಿಡಿದುಕೊಳ್ಳಲೆಂದು ಒಂದು ದಿಂಬು ಕೊಟ್ಟಳು. ಚಪ್ಪಾಳೆ ಬೀಳಲಿಲ್ಲ. ದನಿಯೂ ಒಡೆಯಲಿಲ್ಲ. ಬಿರಿಯುವ ಜಾಗ ಹತ್ತಿರ ಬರುತ್ತಲೇ ಗಂಟಲು ತಾನಾಗಿ ಅದನ್ನು ಹೊಲಿದುಬಿಡುತ್ತಿತ್ತು.

“ದುಃಖದ್ದು ಏನಾದ್ರೂ ನೆನೆಸ್ಕೊಳ್ಳಿ ಮೇಡಂ.”

ಆಕೆ ತಾಯಿಯನ್ನು ನೆನೆಸಿಕೊಂಡಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಸಾಲಾಗಿದ್ದ ಪ್ಲಾಸ್ಟಿಕ್ ಕುರ್ಚಿಗಳು ನೆನಪಾದವು. ಅವುಗಳ ಬಣ್ಣ ನೆನಪಾಯಿತು. “ಅಕ್ಕಾ,” ಎಂದಳು. ಪೋರ ಎಂದಿನ ಎತ್ತರದಲ್ಲಿ, ಎಂದಿನ ಹಾಗೆ, “ಅಕ್ಕಾ” ಎಂದ.

ನಿರ್ದೇಶಕಿ ಗಾಜಿನಾಚೆ ಹಣೆಗೆ ಕೈ ಹಚ್ಚಿ ಕುಳಿತಿದ್ದಳು. ಕೊನೆಗೆ ಅವಳ ದನಿ ಕಿವಿಗೆ ಬಂತು. “ಸಾಕು ಮೇಡಂ. ದಣೀಬೇಡಿ.”

ಹೀಗೆ ಸುರಂಗದ ಅಧ್ಯಾಯದಲ್ಲಿ ಮಾತನ್ನು ತೆಗೆದುಹಾಕಿದರು. ಉಸಿರು ಮಾತ್ರ ಉಳಿಯಿತು: ಓಡುವ ಉಸಿರು, ಏರುವ ಉಸಿರು, ನಿಂತು ಕಿವಿಗೊಡುವ ಉಸಿರು. ಅಷ್ಟನ್ನೂ ಆಕೆ ಒಂದೇ ಬೆಳಗ್ಗೆ ಮಾಡಿ ಮುಗಿಸಿದಳು. ಕಡೆಯಲ್ಲಿ, ಪೋರ ಬೆಳಕಿಗೆ ಬರುವಲ್ಲಿ, ಉಸಿರನ್ನು ಬೆಳೆದ ಪೋರನಿಗೆ ದಾಟಿಸಬೇಕಿತ್ತು. ನಾಟಕದ ನಟ ಬಂದು ಪಕ್ಕದ ಮೈಕಿಗೆ ನಿಂತ. ಎತ್ತರದ, ಸಂಕೋಚದ ಮನುಷ್ಯ.

“ನಾನು ನಿಮ್ಮ ಆಟ ಆಡಿಯೇ ದೊಡ್ಡವನಾದೋನಮ್ಮ,” ಎಂದ. “ಎಲ್ಲಿ ಹಿಡೀಲಿ ಹೇಳಿ.”

“ನಾನು ಒಳಗೆ ಎಳ್ಕೊಳ್ತೀನಿ. ನೀವು ಹೊರಗೆ ಬಿಡಿ.”

“ಒಂದೇ ಉಸಿರಾ?”

“ಒಂದೇ. ನಡುವೆ ಸಂದು ಕಾಣಬಾರದು.”

ಪರದೆಯ ಮೇಲೆ ಹುಡುಗ ಸುರಂಗದ ಬಾಯಿಗೆ ಬಂದ. ಬೆಳಕು ಅವನ ಮುಖವನ್ನು ನುಂಗಿತು. ಆಕೆ ಎದೆ ತುಂಬ ಉಸಿರೆಳೆದುಕೊಂಡಳು, ಸಣ್ಣ ಹುಡುಗ ಎಳೆದುಕೊಳ್ಳುವ ಹಾಗೆ, ಬಾಯಿಂದ. ಪಕ್ಕದವನು ಅದನ್ನು ಹೊರಗೆ ಬಿಟ್ಟ. ದಪ್ಪ ಉಸಿರು, ದಣಿದದ್ದು, ಆಕೆಯ ಉಸಿರು ನಿಂತಲ್ಲಿಂದಲೇ ಹೊರಟದ್ದು. ಪರದೆಯಲ್ಲಿ ಒಬ್ಬ ಗಂಡಸು ಕಣ್ಣಿಗೆ ಕೈ ಅಡ್ಡ ಹಿಡಿದು ಬಯಲನ್ನು ನೋಡುತ್ತಿದ್ದ. ಮುದ್ರಣದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಆಕೆಯ ಉಸಿರು ಇನ್ನೂ ಒಳಗೇ ಇತ್ತು. ಮೈಕಿಗೆ ತಾಗದಂತೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಆಕೆ ಅದನ್ನು ಸದ್ದಿಲ್ಲದೆ, ಸ್ವಲ್ಪಸ್ವಲ್ಪವಾಗಿ ಬಿಟ್ಟಳು.