ಹಿತ್ತಲ ಗೋಡೆಯ ಏಳು ಬಿಲ್ಲೆ

ಮದುವೆಯಾಗಿ ಈ ಮನೆಗೆ ಬಂದ ಮೊದಲ ಯುಗಾದಿಗೆ ಮೂರು ದಿನ ಮುಂಚೆ ನನ್ನ ಡೈರಿಯಲ್ಲಿ ಹೀಗೆ ಬರೆದಿದೆ: 'ಹಿತ್ತಲ ಗೋಡೆ. ಒಣಗಿದ ಸಗಣಿ ಏಳು ಕಡೆ ಅಂಟಿತ್ತು. ಕೆರೆದು ತಿಪ್ಪೆಗೆ ಹಾಕಿದೆ. ಸುಣ್ಣ ಎರಡು ಸಲ.' ಅದರ ಕೆಳಗೆ, 'ಈಗ ಚೆನ್ನಾಗಿ ಕಾಣುತ್ತದೆ' ಎಂದೂ ಇದೆ.

ನಾನು ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ, ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ನಮ್ಮ ತೋಟವೆಂದರೆ ಎರಡು ಪೇಂಟ್ ಡಬ್ಬದಲ್ಲಿ ಕೊತ್ತಂಬರಿ, ಒಂದರಲ್ಲಿ ದೊಡ್ಡಪತ್ರೆ, ಅಷ್ಟೆ. ಬೂಕನಕೆರೆ ಪಕ್ಕದ ಈ ಊರಿಗೆ ಬಂದಾಗ ಅತ್ತೆಯ ಹಿತ್ತಲು ನೋಡಿ ನನಗೆ ಕಣ್ಣು ತುಂಬಿತು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಅದರ ಬುಡದಲ್ಲಿ ಪುದೀನ. ಬೇಲಿಗೆ ಹಬ್ಬಿದ ಅವರೆ. ಬದನೆ, ಬೆಂಡೆ, ಮೆಣಸಿನ ಗಿಡ, ಒಂದು ಕರಿಬೇವು. ದಿನವೂ ಕಿತ್ತದ್ದನ್ನು ಎಣಿಸಿ ಬರೆದಿಡುವುದು ನನ್ನ ಕೆಲಸವಾಯಿತು. ಯಾರೂ ಹೇಳಿದ್ದಲ್ಲ, ಕಾಲೇಜಿನಿಂದ ಅಂಟಿದ ಅಭ್ಯಾಸ.

"ನೀ ಇಂಗೆ ಎಣಿಸ್ತಾ ಕುಂತ್ರೆ ಗಿಡ ನಾಚ್ಕಂಡು ಕಾಯೇ ಬುಡಾಕಿಲ್ಲ ಕಣವ್ವ," ಎಂದು ಅತ್ತೆ ನಗುತ್ತಿದ್ದರು.

ಯುಗಾದಿ ಕಳೆದು, ಮುಂಗಾರಿನ ಎರಡನೇ ಮಳೆ ಬಿದ್ದ ಮರುದಿನ ಅತ್ತೆ ಬೇಲಿಯ ಪಕ್ಕ ನಾಲ್ಕು ಗುಂಡಿ ತೋಡಿ, ಗೊಬ್ಬರ ಹಾಕಿ, ಕೈ ತೊಳೆದುಕೊಂಡು ಗೋಡೆಯ ಹತ್ತಿರ ಬಂದರು. ಬಂದವರು ಅಲ್ಲೇ ನಿಂತರು.

"ಇಲ್ಲಿ ಸೌತೆ ಬೀಜ ಇತ್ತಲ್ಲವ್ವ, ಎಲ್ಲೋಯ್ತು?"

"ಬೀಜ ಯಾವುದೂ ಇರಲಿಲ್ಲ ಅತ್ತೆ. ಸಗಣಿ ಅಂಟಿತ್ತು, ಹಬ್ಬಕ್ಕೆ ನಾನೇ ಕೆರೆದೆ."

"ಸಗಣಿ ಒಳಗೇ ಕಣವ್ವ ಬೀಜ ಇದ್ದುದ್ದು."

ಹಣ್ಣಾದ ಸೌತೆಯ ಬೀಜವನ್ನು ಹಸಿ ಸಗಣಿಗೆ ಕಲಸಿ ಬಿಲ್ಲೆ ಮಾಡಿ ಗೋಡೆಗೆ ತಟ್ಟಿಬಿಟ್ಟರೆ ಹುಳ ಮುಟ್ಟುವುದಿಲ್ಲವಂತೆ. ಮಳೆ ಬಂದಾಗ ಒಂದೊಂದೇ ಬಿಲ್ಲೆ ಕಿತ್ತು ಮುರಿದು ಬಿತ್ತುವುದು. ಈ ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ನನಗೂ ಯಾರೂ ಹೇಳಿರಲಿಲ್ಲ.

ಅದು ಅಂಗಡಿಯ ಬೀಜವಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅತ್ತೆಯ ತವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಕಡೆ. ಮದುವೆಯ ವರ್ಷ ಅವರ ಅವ್ವ ಸೆರಗಿಗೆ ಕಟ್ಟಿ ಕಳಿಸಿದ ಬೀಜ ಅದು. ಅವ್ವ ಈಗಿಲ್ಲ. ಆ ಹಿತ್ತಲಿನ ಮೇಲೆ ಅತ್ತೆಯ ಅಣ್ಣ ಹೊಸ ಮನೆ ಕಟ್ಟಿದ್ದಾರೆ. ಹಿಂದಿನ ವರ್ಷ ಬಳ್ಳಿಗೆ ರೋಗ ಬಂದು, ಬೀಜಕ್ಕೆ ಉಳಿದದ್ದು ಒಂದೇ ಕಾಯಿ. ಯಾರಿಗೂ ಹಂಚದೆ ಇಟ್ಟುಕೊಂಡ ಬೀಜವೆಲ್ಲ ಆ ಏಳು ಬಿಲ್ಲೆಯಲ್ಲಿತ್ತು.

ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತರು. "ಬುಡು, ನಿಂಗೆ ಗೊತ್ತಿರ್ನಿಲ್ಲ," ಎಂದು ಎದ್ದು, ಖಾಲಿ ಗುಂಡಿಗಳಿಗೆ ಮಣ್ಣು ಎಳೆದರು. ಮಧ್ಯಾಹ್ನ ಎರಡನೇ ಮುದ್ದೆ ಬೇಡವೆಂದರು.

ಅವರು ಬೈದಿದ್ದರೆ, 'ನನಗೆ ಮೊದಲೇ ಯಾಕೆ ಹೇಳಲಿಲ್ಲ' ಎಂದು ನಾನೂ ಒಂದು ಮಾತು ಆಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಬೈಯಲಿಲ್ಲವಾದ್ದರಿಂದ ಮಾರನೆಯ ಬೆಳಿಗ್ಗೆ ಡೈರಿ ತೆಗೆದು ಯುಗಾದಿಯಿಂದ ಒಂದೊಂದೇ ಪುಟ ಓದುತ್ತ ಬಂದೆ. ಹಬ್ಬವಾಗಿ ಇಪ್ಪತ್ತಾರನೆಯ ದಿನದ ಪುಟದಲ್ಲಿ ಇತ್ತು: 'ತಿಪ್ಪೆ ಗೊಬ್ಬರ ಮೂರು ಲೋಡು. ಮೇಲಿನ ಹೊಸ ಕಸ ಪಕ್ಕಕ್ಕೆ ಎಳೆದಿಟ್ಟು, ಹಳೆ ಗೊಬ್ಬರ ಎರಡು ಲೋಡು ಗದ್ದೆಗೆ. ಎಳೆದಿಟ್ಟದ್ದು ಮೂರನೇ ಲೋಡು, ರಾಗಿ ಹೊಲದ ಮೂಡಲ ಮೂಲೆಗೆ.'

ನನ್ನ ಏಳು ಬಿಲ್ಲೆ ಇದ್ದದ್ದು ಆ ಹೊಸ ಕಸದಲ್ಲೇ. ಎರಡು ಮಳೆಯೂ ಆಗಿದೆ.

ಅಡುಗೆಮನೆಗೆ ಓಡಿ ಓದಿ ಹೇಳಿದೆ. ಅತ್ತೆ ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ಎದ್ದರು. "ಅಯ್ಯೋ, ನಿಮ್ಮಾವ ಈಗ ತಾನೆ ಟ್ರಾಕ್ಟರು ಕರ್ಕಂಡು ಅಲ್ಲಿಗೇ ಓದ್ರಲ್ಲವ್ವ!"

ಹೊಲ ತಲುಪುವಷ್ಟರಲ್ಲಿ ಅರ್ಧ ಉಳುಮೆ ಮುಗಿದಿತ್ತು. ಅತ್ತೆ ಬದುವಿನ ಮೇಲೆ ನಿಂತು ಹಿಟ್ಟಿನ ಕೈ ಬೀಸಿದರು. ಮಾವ ಗಾಬರಿಯಿಂದ ಬಂದರು.

"ಏನಮ್ಮಿ, ಮನೇಗೇನಾರ ಬೆಂಕಿ ಬಿತ್ತಾ?"

"ವಸಿ ನಿಲ್ಸೀ ಅಂದ್ರೆ. ನಮ್ಮವ್ವನ ಸೌತೆ ಈ ಮೂಲೇಲಿ ಬಿದ್ದದೆ."

"ಸೌತೇಕಾಯ್ಗೆ ಟ್ರಾಕ್ಟರು ನಿಲ್ಸೋರ್ನ ನಾ ಇವತ್ತೇ ಕಣೆ ನೋಡಿದ್ದು!"

ಟ್ರಾಕ್ಟರು ಓಡಿಸುತ್ತಿದ್ದವರು ನಮ್ಮ ಕೇರಿಯವರೇ. ಎಂಜಿನ್ ಆರಿಸಿ ಬೀಡಿ ಹಚ್ಚಿದರು. "ಉಡ್ಕು ಅಕ್ಕಯ್ಯ, ಈ ಬೀಡಿ ಮುಗಿಯಗಂಟ ಟೈಮು. ಅಣ್ಣ ಬೈದ್ರೆ ಇನ್ನೊಂದು ಅಚ್ಕತೀನಿ."

ಮೂವರೂ ಬಗ್ಗಿ ಹುಡುಕಿದೆವು. ಟೊಮೇಟೊ ಸಸಿ, ಕುಂಬಳದ ಮೊಳಕೆ, ಕಳೆ. ಕೊನೆಗೆ ಬದುವಿನ ಪಕ್ಕದಲ್ಲಿ, ಪುಡಿಯಾದ ಸಗಣಿಯ ನಡುವೆ ಒಟ್ಟಿಗೇ ಎದ್ದ ಐದು ಸೌತೆ ಸಸಿ ಸಿಕ್ಕವು. ನಾನು ಸಂತೋಷದಿಂದ ಕೂಗಿದರೆ ಅತ್ತೆ ಮಾತ್ರ ತಡೆದರು.

"ಸಂತೇಲಿ ತಂದ ಸೌತೆ ಬೀಜಾನೂ ಕಸಕ್ಕೆ ಬಿದ್ದಿರ್ತದೆ. ಕಾಯಿ ಬುಟ್ಟಾಗ್ಲೇ ಗೊತ್ತಾಗದು."

ಕಿತ್ತು ನೆಟ್ಟರೆ ಸೌತೆ ಬದುಕುವುದು ಕಷ್ಟ. ಮಾವ ಗೊಣಗುತ್ತಲೇ ಸುತ್ತ ಆರು ಹೆಜ್ಜೆ ಅಳೆದು ನಾಲ್ಕು ಕಡ್ಡಿ ನೆಟ್ಟರು. ಟ್ರಾಕ್ಟರು ಆ ಜಾಗವನ್ನು ಬಳಸಿಕೊಂಡು ಹೋಯಿತು. ಆ ಮುಂಗಾರು ಪೂರ್ತಿ, ಎದುರು ಸಿಕ್ಕಾಗಲೆಲ್ಲ ಟ್ರಾಕ್ಟರಿನವರು, "ನಿಮ್ಮ ಸೌತಮ್ಮನ ಗುಡಿ ಎಂಗದವ್ವಾ?" ಎಂದು ಕೇಳುತ್ತಿದ್ದರು.

ದಿನಾ ಸಂಜೆ ಹೋಗಿ ನೋಡಿ ಬರೆದೆ. ಒಂಬತ್ತನೇ ದಿನಕ್ಕೆ ಎರಡು ಸಸಿಯನ್ನು ಹುಳ ತಿಂದಿತ್ತು; ಮೂರು ಉಳಿದವು. ಇಪ್ಪತ್ತೊಂಬತ್ತನೇ ದಿನ ಮೊದಲ ಹೂವು, ಬರೀ ಗಂಡು. ಮೂವತ್ತನಾಲ್ಕನೇ ದಿನ ಕೆಳಗೆ ಪುಟ್ಟ ಹೀಚು ಹೊತ್ತ ಹೂವು. ನಲವತ್ತಮೂರನೇ ದಿನ ಅತ್ತೆ ತಾವೇ ಬಂದು ಮೊದಲ ಕಾಯಿ ಕಿತ್ತರು. ಮೋಟು, ದಪ್ಪ, ಮೈಮೇಲೆ ಬಿಳಿ ಪಟ್ಟೆ. ಸೆರಗಿನಲ್ಲಿ ಒರೆಸಿ ಕಚ್ಚಿ, ಕಣ್ಣು ಮುಚ್ಚಿ ಅಗಿದರು. ಉಳಿದರ್ಧವನ್ನು ನನ್ನ ಕೈಗಿಟ್ಟರು.

"ಅದೇ ಕಣ್ ಮಗ. ನಮ್ಮವ್ವಂದೇ." ಆಮೇಲೆ, "ಬರ್ಕೊ," ಎಂದರು.

ಆ ವರ್ಷದ ಲೆಕ್ಕ ಮೂವತ್ತೆಂಟು ಕಾಯಿ. ನಾಲ್ಕನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟೆವು. "ಆ ಮೂಲೇಲಿ ರಾಗಿ ಎಷ್ಟು ಕಮ್ಮಿಯಾಯ್ತು ಅಂತಾನೂ ಬರ್ಕಳವ್ವ," ಎಂದು ಮಾವ ಹೇಳಿದರು. ಆದರೆ ದಿನಾ ಊಟಕ್ಕೆ ಮೊದಲು ಕೋಸಂಬರಿ ಕೇಳಿದವರೂ ಅವರೇ. ಬೀಜ ಕಲಸಿದ ದಿನ ಅತ್ತೆ ಬಿಲ್ಲೆ ತಟ್ಟಲು ನನ್ನನ್ನೇ ಕೂರಿಸಿದರು. ಒಂದು ಬಿಲ್ಲೆ ಟ್ರಾಕ್ಟರಿನವರ ಮನೆಗೆ, ಒಂದು ಶ್ರೀರಂಗಪಟ್ಟಣಕ್ಕೆ ಅಮ್ಮನ ಪೇಂಟ್ ಡಬ್ಬಕ್ಕೆ, ಒಂದು ಬೆಳ್ಳೂರಿನ ಕಡೆಯ ಆ ಹೊಸ ಮನೆಯ ತಮ್ಮ ಅತ್ತಿಗೆಗೆ ಎಂದು ಕಳಿಸಿದರು. ಇನ್ನು ಒಂದೇ ಗೋಡೆಯಲ್ಲಿ ಇಡುವುದಿಲ್ಲವಂತೆ.

ಈ ಯುಗಾದಿಗೂ ಹಿತ್ತಲ ಗೋಡೆಗೆ ಸುಣ್ಣ ಹೊಡೆದವಳು ನಾನೇ. ಡೈರಿಯಲ್ಲಿ ಬರೆದದ್ದು: 'ಗೋಡೆಯಲ್ಲಿ ಬಿಲ್ಲೆ ಒಂಬತ್ತು. ಸುತ್ತ ಬಿಟ್ಟು ಸುಣ್ಣ ಎರಡು ಸಲ.' ಬ್ರಷ್ಷನ್ನು ಒಂದೊಂದರ ಸುತ್ತಲೂ ಮೆಲ್ಲಗೆ ತಿರುಗಿಸಿದ್ದರಿಂದ ಅರ್ಧ ದಿನ ಹೆಚ್ಚು ಹಿಡಿಯಿತು.